ಕೋರ್ಟಿನ ಮೇಲಿನ ಕುರ್ಚಿಗೆ ಹೆಣ್ಣುಮಕ್ಕಳು ಯಾಕೆ ತಡ?

ಪ್ರಶ್ನೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕೋರ್ಟುಗಳಲ್ಲಿ ಕರಿಕೋಟಿನ ಹೆಣ್ಣುಮಕ್ಕಳು ಕಾಣುತ್ತಾರೆ. ಮೇಲೆ ಹೋದಂತೆ ಯಾಕೆ ಕಡಿಮೆ?

ಉತ್ತರ: ಮೇಲಿನ ಕುರ್ಚಿ ಸಿಗುವುದು ಹೆಚ್ಚಾಗಿ ಜ್ಯೇಷ್ಠತೆಯಿಂದ. ಹೈಕೋರ್ಟಿಗೆ ತಡವಾಗಿ ಬಂದವರಿಗೆ 62ಕ್ಕೇ ನಿವೃತ್ತಿ, ಮುಂದಿನ ದಾರಿ ಬಂದ್. ವಕೀಲರಿಂದ ನ್ಯಾಯಮೂರ್ತಿಗಳನ್ನು ಆರಿಸುವಾಗ ಕೊಲಿಜಿಯಂ (ಹೆಸರು ಶಿಫಾರಸು ಮಾಡುವ ಹಿರಿಯ ನ್ಯಾಯಮೂರ್ತಿಗಳ ಮಂಡಳಿ) ಕಣ್ಣಿಗೆ ಬೀಳುವವರು ಹೆಚ್ಚಾಗಿ ಹೈಕೋರ್ಟಿನಲ್ಲೇ ವಾದಿಸುವವರು. 2008ರಲ್ಲಿ ಕಲಬುರಗಿ ಪೀಠ ಶುರುವಾಗುವ ತನಕ ಈ ತಾಲೂಕುಗಳವರಿಗೆ ಹೈಕೋರ್ಟೆಂದರೆ ದೂರದ ಬೆಂಗಳೂರು. ಮನೆ, ಮಕ್ಕಳನ್ನು ಬಿಟ್ಟು ಅಲ್ಲಿ ಕಚೇರಿ ಹಾಕುವುದು ಎಷ್ಟು ಹೆಣ್ಣುಮಕ್ಕಳಿಗೆ ಸಾಧ್ಯವಿತ್ತು?

ಬಳ್ಳಾರಿಯಲ್ಲಿ ವಕೀಲಿಕೆ ಮಾಡಿದ ಮಂಜುಳಾ ಚೆಲ್ಲೂರ್ ಕೇರಳ, ಕಲ್ಕತ್ತಾ, ಬಾಂಬೆ ಮೂರೂ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ಆದರೂ ಸುಪ್ರೀಂ ಕೋರ್ಟಿಗೆ ಕರೆ ಬರಲಿಲ್ಲ, 2017ರಲ್ಲಿ ನಿವೃತ್ತರಾದರು. ಇದು ನಿಜಕ್ಕೂ ಬೇಸರದ ಸಂಗತಿ.

ಬಿ.ವಿ. ನಾಗರತ್ನ 45ರ ವಯಸ್ಸಿಗೇ ಕರ್ನಾಟಕ ಹೈಕೋರ್ಟ್ ಸೇರಿದ್ದರಿಂದ 2021ರಲ್ಲಿ ಸುಪ್ರೀಂ ಕೋರ್ಟ್ ತಲುಪಿದರು. ಜ್ಯೇಷ್ಠತೆಯಂತೆ ನಡೆದರೆ 2027ರ ಸೆಪ್ಟೆಂಬರಿನಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. ಅವಧಿ ಮಾತ್ರ ಸುಮಾರು 36 ದಿನ! 1950ರಿಂದ ಕಾದದ್ದಕ್ಕೆ ಇಷ್ಟೇ ಎಂದರೆ ಮನಸ್ಸು ಒಪ್ಪುವುದಿಲ್ಲ.

ವಕೀಲರ ಸಂಘಗಳಲ್ಲೂ ಇದೇ ಕಥೆ. 2025ರ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಯರಿಗೆ ಮೀಸಲಿಡಲು ಸುಪ್ರೀಂ ಕೋರ್ಟೇ ಆದೇಶಿಸಬೇಕಾಯಿತು. ಬಳಿಕ ರಾಜ್ಯದ ಜಿಲ್ಲಾ ಸಂಘಗಳಿಗೂ ಮೀಸಲು ವಿಸ್ತರಿಸಿತು.