ಆಪರೇಷನ್‌ಗೆ ಮೊದಲು ಅಜ್ಜಿಗೊಂದು ಫೋನ್ ಮಾಡಿ

ಮಗುವಿನ ಟಾನ್ಸಿಲ್ ತೆಗೆಸಬೇಕಿದೆ. ಲುಸೈಲ್‌ನಿಂದ ದೋಹಾದ ಆಸ್ಪತ್ರೆಗೆ ಹೋಗುವ ದಿನವೂ ನಿಗದಿಯಾಗಿದೆ. ಅದಕ್ಕೆ ಮೊದಲು ಅರಿವಳಿಕೆ ಡಾಕ್ಟರು ಒಂದು ಪ್ರಶ್ನೆ ಕೇಳುತ್ತಾರೆ: "ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆ ಆಗಿತ್ತೇ?"

ನಾವು ತಕ್ಷಣ "ನೋ" ಅಂದುಬಿಡುತ್ತೇವೆ. ನಿಜವಾದ ಉತ್ತರ ಇರುವುದು ಊರಿನಲ್ಲಿರುವ ಅಜ್ಜಿಯ ಹತ್ತಿರ. "ನಿಮ್ಮ ಚಿಕ್ಕಪ್ಪನಿಗೆ ಆಪರೇಷನ್ ಆದಮೇಲೆ ಎಷ್ಟು ಹೊತ್ತಾದರೂ ಉಸಿರಾಟ ಸರಿಹೋಗಲಿಲ್ಲ ನೋಡು" ಎಂಬಂಥ ಮಾತು ಯಾವ ಫೈಲಿನಲ್ಲೂ ಇರುವುದಿಲ್ಲ.

ಇದು ಸಣ್ಣ ವಿಷಯವಲ್ಲ. ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಔಷಧಿಯ ಪರಿಣಾಮ ಸಾಮಾನ್ಯವಾಗಿ ಕೆಲವೇ ನಿಮಿಷ. ಅದನ್ನು ಕರಗಿಸುವ ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ಕಡಿಮೆ. ಅಂಥವರಿಗೆ ಗಂಟೆಗಟ್ಟಲೆ ಯಂತ್ರದ ಉಸಿರಾಟ ಬೇಕಾಗಬಹುದು. ವಂಶದಲ್ಲಿ ಬರುವ ಈ ಕೊರತೆ ನಮ್ಮ ಕಡೆಯ ಆರ್ಯವೈಶ್ಯ ಸಮುದಾಯದಲ್ಲಿ ಹೆಚ್ಚಾಗಿ ಕಂಡುಬಂದಿದೆ. ಮೊದಲೇ ಗೊತ್ತಿದ್ದರೆ ಡಾಕ್ಟರು ಬೇರೆ ಔಷಧಿ ಆರಿಸಿಕೊಳ್ಳುತ್ತಾರೆ.

ಹಾಗಾಗಿ ಫೋನ್ ಮಾಡಿ. ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಹತ್ತೂವರೆ, ಸ್ವಲ್ಪ ಬೇಗ ಮಾಡಿ. ಇಷ್ಟು ಕೇಳಿ:

• ಆಪರೇಷನ್ ಆದಾಗ ಯಾರಿಗಾದರೂ ಎಚ್ಚರ, ಉಸಿರಾಟ ತಡವಾಯಿತೇ?
• ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ಹೋಗಿತ್ತೇ?
• ಯಾವುದಾದರೂ ಔಷಧಿ ಒಗ್ಗದೆ ಇತ್ತೇ?

ನಿಮ್ಮದು ಸಂಬಂಧದಲ್ಲಾದ ಮದುವೆಯಾದರೆ ಅದನ್ನೂ, ಮಗುವಿಗೆ ಕೊಡುವ ಕಷಾಯ, ಲೇಹ್ಯಗಳನ್ನೂ ಸಂಕೋಚವಿಲ್ಲದೆ ಹೇಳಿ.

ಊಟ ಯಾವಾಗ ನಿಲ್ಲಿಸಬೇಕೆಂದು ಬರೆಸಿಕೊಳ್ಳಿ. ಸಾಮಾನ್ಯವಾಗಿ ಹಗುರ ತಿಂಡಿ, ಹಸುವಿನ ಹಾಲು ಆರು ಗಂಟೆ ಮೊದಲೇ ಬಂದ್. ನೀರು ಎರಡು ಗಂಟೆ ಮೊದಲಿನವರೆಗೆ. ನಿಮ್ಮ ಆಸ್ಪತ್ರೆ ಹೇಳಿದ್ದೇ ಅಂತಿಮ. ಮಜ್ಜಿಗೆ, ಗಂಜಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿರುತ್ತದೆ. "ಪಾಪ, ಹಸಿದಿದೆ" ಎಂದು ಬಿಸ್ಕತ್ತು ಕೊಡಬಾರದೆಂದು ಮನೆಯವರಿಗೆಲ್ಲ ತಿಳಿಸಿ.

ಇನ್ನು ಮಗು. "ಏನೂ ಆಗಲ್ಲ ಪುಟ್ಟಾ" ಎನ್ನುವ ಬದಲು ನಿಜ ಹೇಳಿ: "ಔಷಧಿ ಕೊಟ್ಟು ಮಲಗಿಸ್ತಾರೆ, ಆಮೇಲೆ ಎಬ್ಬಿಸ್ತಾರೆ. ಗಂಟಲು ನೋಯುತ್ತೆ, ಕೆಲವು ದಿನಕ್ಕೆ ವಾಸಿಯಾಗುತ್ತೆ." ಎದ್ದಾಗ ಯಾರು ಪಕ್ಕದಲ್ಲಿರಬಹುದೆಂದು ಡಾಕ್ಟರನ್ನು ಕೇಳಿ, ಅದನ್ನೂ ಮಗುವಿಗೆ ಹೇಳಿ.

ಕೊನೆಯದಾಗಿ, ಶಾಲೆಯಲ್ಲಿ ಪಟಪಟ ಇಂಗ್ಲಿಷ್ ಮಾತಾಡುವ ಮಗುವೂ ಮಂಪರಿನಲ್ಲಿ "ಅಮ್ಮಾ, ಉಚ್ಚೆ" ಅನ್ನಬಹುದು. ನೋವು, ನೀರು, ಉಚ್ಚೆ, ವಾಂತಿ: ಈ ನಾಲ್ಕು ಮಾತುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಅರ್ಥಸಹಿತ ಬರೆದು ನರ್ಸ್ ಕೈಗೆ ಕೊಟ್ಟಿರಿ.