ಟನ್ನು ಕಲ್ಲಿಗೆ ಮೂರು ಗ್ರಾಂ

ಮುಂಬಯಿ ಬಳಿಯ ಬದಲಾಪುರ ಬಿಟ್ಟು ಕರ್ಜತ್, ಖೋಪೋಲಿ ದಾಟಿ ಬೋರ್ ಘಾಟ್ ಹತ್ತಿದರೆ ಗಾಳಿಯ ಪಸೆ ಆರುತ್ತಾ ಹೋಗುತ್ತದೆ. ಘಾಟಿನ ಕೆಳಗಿನದು ನೀರು ಹೆಚ್ಚಾಗಿ ಕಂಗಾಲಾಗುವ ನಾಡು. 2019ರ ಜುಲೈ 27ರಂದು ಉಲ್ಹಾಸ ನದಿ ಉಕ್ಕಿ, ಬದಲಾಪುರ–ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನಡುನೀರಿನಲ್ಲಿ ನಿಂತುಬಿಟ್ಟಿತ್ತು. ಸಾವಿರಕ್ಕೂ ಹೆಚ್ಚು ಮಂದಿಯನ್ನು ದೋಣಿ ತಂದು ಪಾರು ಮಾಡಿದ್ದರು. ಘಾಟ್ ದಾಟಿ ಮುಂದೆ ಹೋದಂತೆ ಮಳೆಯ ನೆರಳು ಶುರು. ಅಲ್ಲಿಂದ ಪೂರ್ವಕ್ಕೆ ಹೋದಷ್ಟೂ ಮೋಡ ಜಿಪುಣವಾಗುತ್ತದೆ. ರಾಯಚೂರು ಮುಟ್ಟುವ ಹೊತ್ತಿಗೆ ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ನಮ್ಮ ದಾರಿ ಅತ್ತ ಕಡೆಗೇ, ಹಟ್ಟಿ ಚಿನ್ನದ ಗಣಿಗೆ.

ಮಾರ್ಚ್ ಕೊನೆ. ಪುಣೆ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಅರ್ಧ ರಸ್ತೆ ಹಿಡಿದಿರುತ್ತವೆ. ಭಿಗವಣದ ಹತ್ತಿರ ಭೀಮೆಗೆ ಕಟ್ಟಿದ ಉಜನಿ ಜಲಾಶಯದ ಹಿನ್ನೀರು ಎಡಗಡೆ ಮಿಂಚಿ ಮರೆಯಾಗುತ್ತದೆ. ಈ ಕಾಲಕ್ಕೆ ರಾಜಹಂಸಗಳು ಬರುವ ಜಾಗ ಅದು. ಸೊಲ್ಲಾಪುರದಲ್ಲಿ ಮಾತು ಅರ್ಧ ಮರಾಠಿ, ಅರ್ಧ ಕನ್ನಡ, ನಡುವೆ ತೆಲುಗು. ಭೀಮೆಯ ಸೇತುವೆ ದಾಟಿದರೆ ಮೈಲಿಗಲ್ಲುಗಳ ಮೇಲೆ ಕನ್ನಡ ಅಕ್ಷರ. ಗೋಳಗುಮ್ಮಟ ಊರಿಗಿಂತ ಎಷ್ಟೋ ಮೊದಲೇ ಕಾಣಿಸಿ, ಊರು ಬಿಟ್ಟ ಮೇಲೂ ಬಹಳ ಹೊತ್ತು ಕನ್ನಡಿಯೊಳಗೆ ಕೂತಿರುತ್ತದೆ.

ವಿಜಯಪುರದ ಆಚೆ ಬಯಲು. ಮರಳಿಲ್ಲ ಎನ್ನುವುದೊಂದು ಬಿಟ್ಟರೆ ಮರುಭೂಮಿಗೆ ಬೇಕಾದ್ದೆಲ್ಲ ಇಲ್ಲುಂಟು. ಬಿಳಿಜೋಳ ಕೊಯ್ದು ಮುಗಿದಿದೆ. ಕಪ್ಪು ಎರಿ ಹೊಲ ಮೈಲುಗಟ್ಟಲೆ ಬಾಯಿ ಬಿಟ್ಟುಕೊಂಡು ಬಿದ್ದಿದೆ. ಬಿರುಕಿನಲ್ಲಿ ಅಂಗೈ ಇಳಿಸಬಹುದು. ಎಲ್ಲೋ ಒಂದು ಕಣಕಿಯ ಬಣವಿ, ಎಲ್ಲೋ ಒಂದು ಬೇವಿನ ಮರ, ಅದರಡಿ ಒತ್ತೊತ್ತಾಗಿ ನಿಂತ ಕುರಿಗಳು. ಉಳಿದ ಕಡೆಯಲ್ಲೆಲ್ಲ ಬಳ್ಳಾರಿ ಜಾಲಿ. ನೆರಳನ್ನೂ ಕೊಡದ, ದಾರಿಯನ್ನೂ ಬಿಡದ ಗಿಡ ಅದು. ಡಾಂಬರಿನ ಮೇಲೆ ಬಿಸಿಲ್ಗುದುರೆ ಓಡುತ್ತದೆ. ನಾಲತವಾಡ ದಾಟಿ ನಾರಾಯಣಪುರಕ್ಕೆ ಬಂದಾಗ ಕೃಷ್ಣೆಯ ಬಸವಸಾಗರ ಥಟ್ಟನೆ ಎದುರಾಗುತ್ತದೆ, ಆಕಾಶದಷ್ಟೇ ಅಗಲದ ನೀರು. ಬಲದಂಡೆ ಕಾಲುವೆ ಹರಿದಲ್ಲಿ ಕಣ್ಣು ಕುಕ್ಕುವ ಹಸಿರು. ಕಾಲುವೆಯ ಹರವು ಮುಗಿದಲ್ಲಿ ಮತ್ತೆ ಮಡ್ಡಿ. ಕೃಷ್ಣೆ ಮೇಲೆ, ತುಂಗಭದ್ರೆ ಕೆಳಗೆ. ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದ ದೋಆಬ್ ಇದು. ಎರಡು ದೊಡ್ಡ ಹೊಳೆಗಳ ನಡುವೆ ಇದ್ದೂ ಬಾಯಾರಿದ ನೆಲ.

ಲಿಂಗಸುಗೂರಿನಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ತಿಂದು ಹೊರಟರೆ ಹಟ್ಟಿ ದೂರವಿಲ್ಲ. ಮೊದಲು ಕಣ್ಣಿಗೆ ಬೀಳುವುದು ಬೂದು ಬಣ್ಣದ, ನೆತ್ತಿ ಚಪ್ಪಟೆಯಾದ ಗುಡ್ಡ. ಹುಲ್ಲು ಹುಟ್ಟಿಲ್ಲ, ಬಂಡೆ ಇಲ್ಲ, ಮಳೆ ಕೊರೆದ ಗೀರುಗಳಷ್ಟೇ. ಬಂಗಾರ ತೆಗೆದ ಮೇಲೆ ಉಳಿದ ಕಲ್ಲಿನ ಹಿಟ್ಟು ಅದು, ವರ್ಷಗಳಿಂದ ಸುರಿದು ಗುಡ್ಡವಾದದ್ದು. ಅದರಾಚೆ ಶಾಫ್ಟಿನ ಕಬ್ಬಿಣದ ಗೋಪುರ. ನೆತ್ತಿಯ ಗಾಲಿಗಳು ತಿರುಗಿದರೆ ಕೆಳಗೆ ಯಾರೋ ಇಳಿಯುತ್ತಿದ್ದಾರೆ, ಇಲ್ಲವೇ ಕಲ್ಲು ಮೇಲೆ ಬರುತ್ತಿದೆ ಎಂದರ್ಥ. ಸುತ್ತ ಕ್ಯಾಂಪ್: ಸಾಲು ಕ್ವಾರ್ಟರ್ಸು, ಆಸ್ಪತ್ರೆ, ಶಾಲೆ, ಸಂಜೆ ಬಜಾರು. ಇಲ್ಲಿ ಹೊತ್ತು ಅಳೆಯುವುದು ಪಾಳಿಯ ಲೆಕ್ಕದಲ್ಲಿ. ಪಾಳಿ ಬಿಟ್ಟಾಗ ಚಹದಂಗಡಿ ತುಂಬುತ್ತದೆ, ಪಾಳಿ ಹೊಕ್ಕಾಗ ಬರಿದಾಗುತ್ತದೆ.

ಚಹದಂಗಡಿಯ ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದ ಹಿರಿಯರು, ಗಣಿಯಿಂದ ನಿವೃತ್ತರಾದವರು, ನಮ್ಮ ಗಾಡಿಯ ಮಹಾರಾಷ್ಟ್ರದ ನಂಬರು ನೋಡಿ ನಕ್ಕರು. “ಬಂಗಾರ ನೋಡಾಕ ಬಂದೀರೇನ್ರೀ ತಮ್ಮಾ? ಅಷ್ಟು ವರ್ಷ ಭೂಮಿ ಒಳಗ ಇಳಿದ ನಮಗ ಅದು ಕಣ್ಣಿಗೆ ಬಿದ್ದಿಲ್ಲ.”

ಅದು ನಿಜವೇ. ಇಲ್ಲಿನ ಅದಿರಿನಲ್ಲಿ ಬಂಗಾರ ಬರಿಗಣ್ಣಿಗೆ ಕಾಣುವುದು ಅಪರೂಪ. ಟನ್ನು ಕಲ್ಲಿಗೆ ಸಿಗುವುದು ಹೆಚ್ಚೂಕಡಿಮೆ ಮೂರು ಗ್ರಾಂ. ಅದಕ್ಕಾಗಿ ಸಾವಿರಾರು ಅಡಿ ಕೆಳಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ಕಲ್ಲನ್ನು ಮೇಲೆತ್ತಿ, ಜಜ್ಜಿ, ಗಿರಣಿಯಲ್ಲಿ ಹಿಟ್ಟು ಮಾಡಿ, ಸಯನೈಡ್ ನೀರಿನಲ್ಲಿ ಕಲಸಬೇಕು. ಕರಗಿದ ಬಂಗಾರವನ್ನು ಇದ್ದಿಲು ಹೀರಿಕೊಳ್ಳುತ್ತದೆ. ಇದ್ದಿಲಿನಿಂದ ಬಿಡಿಸಿ ಮೂಸೆಯಲ್ಲಿ ಕಾಸಿದರೆ ಗಟ್ಟಿ. ಮೂರು ಗ್ರಾಂ ಕಾವಲಿನೊಂದಿಗೆ ಊರು ಬಿಡುತ್ತದೆ. ಉಳಿದ 9,99,997 ಗ್ರಾಂ ಹಟ್ಟಿಯ ಪಾಲು. ಅದರಲ್ಲಿ ಒಂದಿಷ್ಟು ಬರಿದಾದ ಸುರಂಗಗಳನ್ನು ತುಂಬಲು ಮತ್ತೆ ಕೆಳಗಿಳಿಯುತ್ತದೆ, ಮಿಕ್ಕಿದ್ದು ಬೂದುಗುಡ್ಡ ಸೇರುತ್ತದೆ.

ಈ ಲೆಕ್ಕಾಚಾರ ಇಂದು ನಿನ್ನೆಯದಲ್ಲ. ಹಳೆಯ ಸುರಂಗದಲ್ಲಿ ಸಿಕ್ಕ ಮರದ ತುಂಡು ಸುಮಾರು ಎರಡು ಸಾವಿರ ವರ್ಷದಷ್ಟು ಹಳೆಯದು ಎಂದು ಇಂಗಾಲದ ಕಾಲನಿರ್ಣಯ ಹೇಳಿದೆ. ಡೈನಮೈಟ್ ಇಲ್ಲದ ಕಾಲದ ಆ ಜನ ಬಂಡೆಗೆ ಬೆಂಕಿ ಇಟ್ಟು, ಕಾದ ಮೇಲೆ ನೀರೆರಚಿ ಸೀಳಿಸುತ್ತ ಆರುನೂರು ಅಡಿಯವರೆಗೂ ಇಳಿದಿದ್ದರು. ಕಟ್ಟಿಗೆಯ ಹೊಗೆ ತುಂಬಿದ ಆ ಬಿಲದಲ್ಲಿ ಉಸಿರಾಡಿದವರು ಯಾರೆಂದು ಯಾವ ಶಾಸನವೂ ಬರೆದಿಡಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕೋಲಾರದ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯವರೇ ಇಲ್ಲಿಯೂ ಗಣಿ ನಡೆಸಿ, 1920ರ ಹೊತ್ತಿಗೆ ಮುಚ್ಚಿ ಹೋದರು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಹುಟ್ಟಿತು. 1956ರಲ್ಲಿ ರಾಯಚೂರು ಕನ್ನಡ ರಾಜ್ಯಕ್ಕೆ ಸೇರಿದಾಗ ಗಣಿಯೂ ಜೊತೆಗೆ ಬಂತು. 2001ರ ಫೆಬ್ರುವರಿ 28ರಂದು ಕೋಲಾರದ ಕೆಜಿಎಫ್ ಬಾಗಿಲು ಹಾಕಿದ ಮೇಲೆ ಬಹುಕಾಲ ದೇಶದಲ್ಲಿ ಹೇಳಿಕೊಳ್ಳುವಂಥ ಬಂಗಾರದ ಗಣಿ ಎಂದರೆ ಹಟ್ಟಿಯೇ ಆಗಿತ್ತು.

ಹಟ್ಟಿಯಿಂದ ದಕ್ಷಿಣಕ್ಕೆ ಮಸ್ಕಿ. ಊರಂಚಿನ ಗುಡ್ಡದಲ್ಲಿ, ಕಲ್ಲಿನ ಗವಿಯ ಬಂಡೆಗೆ ಅಶೋಕನ ಕಿರುಶಾಸನ ಕೊರೆದಿದೆ. 1915ರಲ್ಲಿ ಅದನ್ನು ಕಂಡವನು ಪಂಡಿತನಲ್ಲ; ನಿಜಾಮ ಸರ್ಕಾರದ ಚಿನ್ನದ ಗಣಿಯ ಇಂಜಿನಿಯರ್ ಬೀಡನ್, ಬಂಗಾರ ಹುಡುಕುತ್ತ ಅಲೆಯುತ್ತಿದ್ದವನು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೊರೆಗೆ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿಯಂಥ ಬಿರುದುಗಳಷ್ಟೇ. ಈ ಬಂಡೆಯ ಮೇಲೆ ಮೊದಲ ಸಲ ಅಶೋಕ ಎಂಬ ಹೆಸರು ಸಿಕ್ಕಿತು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರವಾಗಿದ್ದ ಸುವರ್ಣಗಿರಿ ಈ ಸುತ್ತಿನಲ್ಲೇ ಇತ್ತೆಂದು ಹಲವು ವಿದ್ವಾಂಸರು ನಂಬುತ್ತಾರೆ. ಪಾಟಲಿಪುತ್ರದ ದೊರೆಗೆ ಈ ಬೆಂಗಾಡಿನ ಮೇಲೆ ಕಣ್ಣು ಬಿದ್ದದ್ದು ಯಾಕೆಂದು ಬೇರೆ ಹೇಳಬೇಕಿಲ್ಲ. ಶಾಸನದ ತಿರುಳು ಇಷ್ಟು: ಮೇಲಿನ ಸ್ಥಿತಿ ದೊಡ್ಡವರಿಗಷ್ಟೇ ಮೀಸಲಲ್ಲ, ಧರ್ಮದಲ್ಲಿ ನಡೆಯುವ ಸಣ್ಣವನೂ ಅದನ್ನು ಪಡೆಯಬಲ್ಲ. ಗಣಿಯಾಳುಗಳ ಸೀಮೆಯಲ್ಲಿ ನಿಂತು ಓದಿದಾಗ ಅದು ಉಪದೇಶಕ್ಕಿಂತ ಹೆಚ್ಚಾಗಿ ತೀರಿಸದೆ ಉಳಿದ ಸಾಲದ ಪತ್ರದಂತೆ ಕೇಳಿಸುತ್ತದೆ.

ಮರಳಿ ಬದಲಾಪುರದ ಕಡೆ ಬಂದು, ಕಲ್ಯಾಣದಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಮದುವೆಗೆಂದು ಸರಾಫ ಅಂಗಡಿ ಹೊಕ್ಕರೆ ಕೈಗೆ ಬರುವ ಬಿಲ್ಲಿನಲ್ಲಿ ತೂಕ, ದರ, ಮಜೂರಿ, ಜಿಎಸ್‌ಟಿ ಸಾಲಾಗಿ ಇರುತ್ತವೆ. ಗಿರಾಕಿ ಜಗ್ಗಾಡುವುದು ಮಜೂರಿಯ ಮೇಲೆ, ಅಂದರೆ ಅಕ್ಕಸಾಲಿಗನ ಕೈಕೆಲಸದ ಮೇಲೆ. ಹತ್ತು ಗ್ರಾಂ ಸರಕ್ಕೆ ಮೂರೂ ಚಿಲ್ಲರೆ ಟನ್ ಕಲ್ಲು ಸಿಡಿಸಿ ಮೇಲೆತ್ತಿದವರ ಪಾಳಿ, ಜಗತ್ತಿನ ಪೇಟೆ ಬೆಳಗಾದರೆ ಗೊತ್ತು ಮಾಡುವ ದರದೊಳಗೆ ಕರಗಿಹೋಗಿರುತ್ತದೆ. ಬಿಲ್ಲಿನಲ್ಲಿ ಅದಕ್ಕೊಂದು ಬೇರೆ ಸಾಲಿಲ್ಲ.