ಪದವಿ ಓದುವಾಗಲೇ ಮಾಧ್ಯಮ ಸಂಶೋಧನೆಗೆ ಸಹಾಯಕರಾಗುವುದು ಹೇಗೆ?



ಕಳೆದ ಸಲ ಟಿ.ಸಿ. ಕೆಲಸಕ್ಕೆಂದು ಕಾಲೇಜಿಗೆ ಬಂದಿದ್ದಾಗ ದ್ವಿತೀಯ ಪಿಯುಸಿ ಕಲಾ ವಿಭಾಗದ ಇಬ್ಬರು ತಂಗಿಯರು ಸಿಕ್ಕಿದ್ದರು. ನಾನು ಬಿ.ಎ.ಯಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ, ರಜೆಯಲ್ಲಿ ಒಂದು ಸಂಶೋಧನೆಗೆ ಸಹಾಯಕಿಯಾಗಿ ಕೆಲಸ ಮಾಡಿದೆ ಎಂದಾಗ ಒಬ್ಬಳು, "ಅಕ್ಕಾ, ರಿಸರ್ಚ್ ಅಂದ್ರೆ ಪಿಎಚ್.ಡಿ. ಮಾಡೋರಿಗಲ್ವಾ?" ಎಂದು ಕೇಳಿದಳು. ಎರಡು ವರ್ಷದ ಹಿಂದೆ ನಾನೂ ಹಾಗೆಯೇ ತಿಳಿದಿದ್ದೆ. ಆ ಪ್ರಶ್ನೆಗೆ ಉತ್ತರವಾಗಿ ಈ ಲೇಖನ ಬರೆಯುತ್ತಿದ್ದೇನೆ.

ಜನರಿಗೆ ಸುದ್ದಿ ಎಲ್ಲಿಂದ ಬರುತ್ತದೆ, ಯಾವುದನ್ನು ನಂಬುತ್ತಾರೆ, ಪತ್ರಿಕೆ, ರೇಡಿಯೊ, ಟಿ.ವಿ., ಮೊಬೈಲ್ ಅವರ ಬದುಕಿನಲ್ಲಿ ಏನು ಮಾಡುತ್ತಿವೆ ಎಂಬುದನ್ನು ತಿಳಿಯುವುದೇ ಮಾಧ್ಯಮ ಸಂಶೋಧನೆ. ಪ್ರಾಧ್ಯಾಪಕರೊಬ್ಬರೇ ಈ ಕೆಲಸವನ್ನೆಲ್ಲ ಮಾಡಲಾಗದು. ಮನೆ ಮನೆಗೆ ಹೋಗಿ ಪ್ರಶ್ನಾವಳಿ ತುಂಬಿಸುವುದು, ಧ್ವನಿಮುದ್ರಣ ಕೇಳಿ ಬರಹಕ್ಕಿಳಿಸುವುದು, ಹಳೆಯ ಪತ್ರಿಕೆಗಳ ಸುದ್ದಿಗಳನ್ನು ವಿಷಯವಾರು ಎಣಿಸುವುದು, ಅದನ್ನೆಲ್ಲ ಕಂಪ್ಯೂಟರಿಗೆ ಏರಿಸುವುದು ಸಹಾಯಕರ ಕೆಲಸ.

ಇದು ಸಣ್ಣ ಕೆಲಸವಲ್ಲ. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಇಸ್ರೊ ಸಂಸ್ಥೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಮುಟ್ಟಿಸಿತು. 'ಸೈಟ್' ಎಂದು ಹೆಸರಾದ ಈ ಪ್ರಯೋಗದಲ್ಲಿ ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬೇಸಾಯ, ಆರೋಗ್ಯ, ಶಾಲಾ ಮಕ್ಕಳ ಪಾಠ ಮುಂತಾದವು ಪ್ರಸಾರವಾಗುತ್ತಿದ್ದವು. ಕಾರ್ಯಕ್ರಮ ಕಳಿಸಿದರೆ ಸಾಕಾಗುತ್ತಿರಲಿಲ್ಲ. ಯಾರು ಬಂದು ನೋಡಿದರು, ಯಾರು ಬರಲಿಲ್ಲ, ನೋಡಿದವರಿಗೆ ಏನು ಅರ್ಥವಾಯಿತು ಎಂಬುದೂ ತಿಳಿಯಬೇಕಿತ್ತು. ಅದಕ್ಕಾಗಿ ಸಂಶೋಧಕರು ಹಳ್ಳಿಗಳಲ್ಲೇ ತಂಗಿ ಜನರನ್ನು ಗಮನಿಸಿದರು, ಮಾತಾಡಿಸಿದರು. ಹಳ್ಳಿಯವರ ಮಾತು ಬಲ್ಲವರು ಇಲ್ಲದಿದ್ದರೆ ಆ ಅಧ್ಯಯನ ನಡೆಯುತ್ತಲೇ ಇರಲಿಲ್ಲ.

ಹೊರದೇಶದ ಇನ್ನೊಂದು ಉದಾಹರಣೆಯನ್ನು ಪತ್ರಿಕೋದ್ಯಮದ ವಿದ್ಯಾರ್ಥಿಗಳೆಲ್ಲ ಓದುತ್ತಾರೆ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ವೇಳೆ ಮೆಕಾಂಬ್ಸ್ ಮತ್ತು ಶಾ ಎಂಬ ಇಬ್ಬರು ಅಧ್ಯಾಪಕರು ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಹಾಕುವುದೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತಾಡಿಸಿ, ದೇಶದ ಮುಖ್ಯ ಸಮಸ್ಯೆಗಳು ಯಾವುವು ಎಂದು ಕೇಳಿದರು. ಅದೇ ದಿನಗಳಲ್ಲಿ ಪತ್ರಿಕೆ ಮತ್ತು ಟಿ.ವಿ. ಯಾವ ವಿಷಯಕ್ಕೆ ಎಷ್ಟು ಜಾಗ ಕೊಟ್ಟವೆಂದು ಎಣಿಸಿದರು. ಎರಡೂ ಪಟ್ಟಿಗಳು ಬಹುಮಟ್ಟಿಗೆ ಹೊಂದಿಕೊಂಡವು. ಯಾವ ವಿಷಯದ ಬಗ್ಗೆ ನಾವು ಯೋಚಿಸಬೇಕು ಎಂಬುದನ್ನು ಮಾಧ್ಯಮಗಳು ತೀರ್ಮಾನಿಸುತ್ತವೆ ಎಂಬ ಸಿದ್ಧಾಂತ 1972ರಲ್ಲಿ ಹೀಗೆ ಪ್ರಕಟವಾಯಿತು. ಅದರ ಬುಡದಲ್ಲಿದ್ದದ್ದು ಎರಡೇ ಕೆಲಸ: ಕೇಳುವುದು ಮತ್ತು ಎಣಿಸುವುದು.

ಈ ಎರಡರಲ್ಲಿ ತಪ್ಪು ಎಲ್ಲಿ ನುಸುಳುತ್ತದೆ ಎಂಬುದು ನನಗೆ ಮೊದಲ ವಾರವೇ ತಿಳಿಯಿತು. ಹಳ್ಳಿಯ ಹೆಂಗಸರಿಗೆ ಸುದ್ದಿ ಹೇಗೆ ತಲುಪುತ್ತದೆ ಎಂಬುದು ನಮ್ಮ ವಿಷಯ. ಒಬ್ಬ ಖಾಲಾ ಉರ್ದುವಿನಲ್ಲಿ, ಮಗ ರಾತ್ರಿ ಬಂದು ಫೋನಿನಲ್ಲಿ ತೋರಿಸಿದರೆ ನೋಡುತ್ತೇನೆ ಎಂದಿದ್ದರು. ನಾನು ಅದನ್ನು ಕನ್ನಡಕ್ಕಿಳಿಸುವಾಗ "ವಾಟ್ಸಾಪ್ ಬಳಸುತ್ತಾರೆ" ಎಂದು ಬರೆದುಬಿಟ್ಟೆ. ಮೇಡಂ ಧ್ವನಿಮುದ್ರಣವನ್ನು ಇನ್ನೊಮ್ಮೆ ಕೇಳು ಎಂದರು. ಕೇಳಿದೆ. ಖಾಲಾಗೆ ಸ್ವಂತ ಫೋನೇ ಇಲ್ಲ. ಮಗ ಬರುವವರೆಗೆ ಸುದ್ದಿ ಇಲ್ಲ, ಅವನು ತೋರಿಸದಿದ್ದರೆ ಅದೂ ಇಲ್ಲ. ನನ್ನ ಎರಡು ಪದ ಹಾಗೆಯೇ ಉಳಿದಿದ್ದರೆ ಅವರು 'ಮೊಬೈಲ್ ಬಳಕೆದಾರರು' ಎಂಬ ಲೆಕ್ಕಕ್ಕೆ ಸೇರುತ್ತಿದ್ದರು. ನಾಳೆ ಪಿಂಚಣಿಯದ್ದೋ ಪಡಿತರದ್ದೋ ಮಾಹಿತಿಯನ್ನು ಮೊಬೈಲಿಗೆ ಕಳಿಸಿದರೆ ಸಾಕು ಎಂದು ಯಾರಾದರೂ ಆ ಲೆಕ್ಕ ನಂಬಿ ತೀರ್ಮಾನಿಸಿದರೆ, ಖಾಲಾಗೆ ಅದು ತಲುಪುವುದಿಲ್ಲ. ಅವತ್ತಿನಿಂದ ಜನ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

ಹೆಂಡತಿಗೆ ಕೇಳಿದ ಪ್ರಶ್ನೆಗೆ ಗಂಡ ಉತ್ತರ ಕೊಡುವುದು ಇನ್ನೊಂದು ತೊಡಕು. ಜಗಳ ಮಾಡಬಾರದು, ಅವರ ಉತ್ತರವನ್ನು ಹೆಂಡತಿಯ ಹೆಸರಿನಲ್ಲಿ ಬರೆಯಲೂಬಾರದು. "ಅಣ್ಣಾ, ನಿಮ್ಮದನ್ನೂ ಬರ್ಕೋತೀನಿ, ಇದನ್ನ ಅಕ್ಕನೇ ಹೇಳ್ಬೇಕಂತೆ" ಎಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇಂಥಲ್ಲಿ ನಮ್ಮೂರಿನ ವಿದ್ಯಾರ್ಥಿಗಳಿಗೆ ಒಂದು ಅನುಕೂಲವಿದೆ. ಕೊಣನೂರು ಸಂತೆಯಲ್ಲಿ ಕನ್ನಡ, ಮನೆಯಲ್ಲಿ ಉರ್ದು ಮಾತಾಡಿ ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಯಾರನ್ನು ಅಜ್ಜಿ ಅನ್ನಬೇಕು, ಯಾರನ್ನು ಖಾಲಾ ಅನ್ನಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ. ಹೆಣ್ಣುಮಕ್ಕಳಾದರೆ ಅಡುಗೆಮನೆಯವರೆಗೆ ಹೋಗಿ ಕೂತು ಮಾತಾಡಬಹುದು. ಇಂಗ್ಲಿಷ್ ಚೆನ್ನಾಗಿ ಬಾರದು ಎಂದು ಹಿಂಜರಿಯುವವರು ಈ ಮಾತನ್ನು ನೆನಪಿಡಿ.

ಇನ್ನು ಅವಕಾಶಗಳ ಮಾತು. ಸರ್ಕಾರಿ ನೆರವಿನ ದೊಡ್ಡ ಯೋಜನೆಗಳಲ್ಲಿ 'ಸಂಶೋಧನಾ ಸಹಾಯಕ' ಎಂಬ ಹುದ್ದೆಗೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. ಆದ್ದರಿಂದ ಪದವಿ ವಿದ್ಯಾರ್ಥಿಗಳಿಗೆ ಕೆಲಸ ಸಿಗುವುದು ಹೆಚ್ಚಾಗಿ ಪರಿಚಯದಿಂದಲೇ: ಪಾಠ ಮಾಡುವ ಅಧ್ಯಾಪಕರು, ಪಿಎಚ್.ಡಿ. ಮಾಡುತ್ತಿರುವ ಹಿರಿಯರು, ಸಮೀಕ್ಷೆ ನಡೆಸುವ ಸಂಸ್ಥೆಗಳು. ನಮಗೆ ಹತ್ತಿರದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ಅಧ್ಯಯನ ವಿಭಾಗವಿದೆ, ಮಂಗಳೂರು ವಿಶ್ವವಿದ್ಯಾಲಯದಲ್ಲೂ ಇದೆ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿ ಪದ್ಧತಿ 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿದೆ. ಸಂಶೋಧನೆಗೆಂದೇ ಇದ್ದ ನಾಲ್ಕನೇ ವರ್ಷ ಈಗಿಲ್ಲವಾದ್ದರಿಂದ ಆಸೆ ಇರುವವರು ಮೊದಲ ವರ್ಷದಿಂದಲೇ ತಾವಾಗಿ ಕೇಳಬೇಕು.

ಕೇಳುವಾಗ "ಏನಾದರೂ ಕೆಲಸ ಕೊಡಿ ಸರ್" ಎನ್ನಬೇಡಿ. ಅವರು ಏನು ಅಧ್ಯಯನ ಮಾಡುತ್ತಿದ್ದಾರೆಂದು ಮೊದಲು ತಿಳಿದುಕೊಳ್ಳಿ. ಬರುವ ಭಾಷೆಗಳು, ಕನ್ನಡ ಟೈಪಿಂಗ್, ವಾರಕ್ಕೆ ಕೊಡಬಹುದಾದ ಗಂಟೆಗಳನ್ನು ಅರ್ಧ ಪುಟದಲ್ಲಿ ಬರೆದು ಕೊಡಿ. ಒಪ್ಪುವ ಮೊದಲು ನಾಲ್ಕು ವಿಷಯ ಕೇಳಿ: ಸಂಭಾವನೆ ಇದೆಯೇ? ಓಡಾಟದ ಖರ್ಚು ಯಾರದ್ದು? ಪ್ರಮಾಣಪತ್ರ ಕೊಡುತ್ತಾರೆಯೇ? ವರದಿಯಲ್ಲಿ ನಮ್ಮ ಹೆಸರು ಬರುತ್ತದೆಯೇ? ಕೆಲವರು ಪ್ರಶ್ನಾವಳಿಗಿಷ್ಟು ಎಂದು ಕೊಡುತ್ತಾರೆ, ಕೆಲವರು ಕಲಿಕೆಯೇ ಸಂಭಾವನೆ ಎನ್ನುತ್ತಾರೆ. ಮೊದಲೇ ಕೇಳಿದರೆ ಆಮೇಲೆ ಮನಸ್ತಾಪವಿಲ್ಲ. ಹೋಗುವ ಊರು, ಜೊತೆಗಿರುವವರು, ಮರಳುವ ಬಸ್ಸಿನ ಹೊತ್ತು ಮನೆಯವರಿಗೆ ಗೊತ್ತಿರಲಿ. ನನ್ನ ಅಬ್ಬಾ ಮೇಡಂ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆಯೇ ಒಪ್ಪಿದ್ದು.

ಪಿಯುಸಿಯಲ್ಲಿರುವಾಗಲೇ ಮಾಡಿನೋಡಬಹುದಾದ ಒಂದು ಅಭ್ಯಾಸ ಹೇಳುತ್ತೇನೆ. ಗ್ರಂಥಾಲಯದಲ್ಲಿ ಒಂದೇ ಪತ್ರಿಕೆಯ ಏಳು ದಿನದ ಸಂಚಿಕೆ ತೆಗೆದುಕೊಳ್ಳಿ. ಜಿಲ್ಲಾ ಪುಟದ ಪ್ರತಿ ಸುದ್ದಿಯನ್ನೂ ಕೃಷಿ, ರಾಜಕೀಯ, ಅಪರಾಧ, ಶಿಕ್ಷಣ, ಇತರೆ ಎಂದು ವಿಂಗಡಿಸಿ. ಗೆಳತಿಯೊಬ್ಬಳು ಅದೇ ಕೆಲಸವನ್ನು ನಿಮ್ಮ ಹಾಳೆ ನೋಡದೆ ಮಾಡಲಿ. 50 ಸುದ್ದಿಗಳಲ್ಲಿ 40ಕ್ಕೆ ಇಬ್ಬರ ಉತ್ತರ ಒಂದೇ ಆದರೆ ಹೊಂದಾಣಿಕೆ ಶೇ. 80. ಸುಮ್ಮನೆ ಅಂದಾಜಿನಲ್ಲಿ ಬರೆದರೂ ಒಂದಿಷ್ಟು ಕೂಡಿಬರುವುದರಿಂದ ಅದನ್ನು ಕಳೆದು ಲೆಕ್ಕ ಹಾಕುವ ಸೂತ್ರವನ್ನು ಕೋಹೆನ್ ಎಂಬುವರು 1960ರಲ್ಲಿ ಕೊಟ್ಟರು. ಅದನ್ನು ಮುಂದೆ ಕಲಿಯುತ್ತೀರಿ. ಈಗ ಹೊಂದದ ಹತ್ತು ಸುದ್ದಿಗಳ ಮುಂದೆ ಇಬ್ಬರೂ ಕೂತು ಚರ್ಚಿಸಿ. ರೈತರು ಕಚೇರಿ ಮುಂದೆ ಪ್ರತಿಭಟಿಸಿದ್ದು ಕೃಷಿಯೋ, ರಾಜಕೀಯವೋ? ಆ ಚರ್ಚೆಯಲ್ಲಿ ಪತ್ರಿಕೆ ಓದುವ ಕಣ್ಣೇ ಬದಲಾಗುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಜನ ನಮ್ಮನ್ನು ನಂಬಿ ಮಾತಾಡುತ್ತಾರೆ. ಯಾಕೆ ಕೇಳುತ್ತಿದ್ದೇವೆಂದು ಮೊದಲು ಹೇಳಿ, ಒಪ್ಪಿದ ಮೇಲೆಯೇ ಧ್ವನಿಮುದ್ರಿಸಬೇಕು. 18 ತುಂಬದವರಾದರೆ ಹೆತ್ತವರ ಒಪ್ಪಿಗೆಯೂ ಬೇಕು. ಬೇಡ ಎಂದರೆ ಸಲಾಂ ಹೇಳಿ ಎದ್ದು ಬರಬೇಕು. ಒಬ್ಬರ ಮನೆಯಲ್ಲಿ ಕೇಳಿದ್ದನ್ನು ಬಸ್‌ಸ್ಟ್ಯಾಂಡಿನಲ್ಲಿ ಆಡಬಾರದು. ಬಿಟ್ಟುಹೋದ ಕಾಲಂ ಅನ್ನು ನಾವೇ ತುಂಬಬಾರದು. ಕೊಟ್ಟ ಮಾತು ಅಮಾನತ್ತು ಎಂದು ಮನೆಯಲ್ಲಿ ಕಲಿತಿದ್ದೇವಲ್ಲ, ಸಂಶೋಧನೆಯ ಮೊದಲ ಪಾಠವೂ ಅದೇ.

ಆಸಕ್ತಿ ಇರುವವರು ಏಳು ದಿನದ ಪತ್ರಿಕೆ ಎಣಿಸಿದ ಹಾಳೆಯನ್ನು ಗ್ರಂಥಾಲಯದಲ್ಲಿ ಕೊಟ್ಟಿರಿ. ಮುಂದಿನ ರಜೆಯಲ್ಲಿ ಬಂದಾಗ, ಇನ್‌ಶಾ ಅಲ್ಲಾಹ್, ಕೂತು ನೋಡೋಣ.